ನಲವತ್ತೊಂದನೇ ಪುಟದ ಸ್ಪ್ಯಾನರ್

ನೌಕಾಪಡೆಯ ಇತಿಹಾಸ ವಿಭಾಗದ ಮಾನ್ಯ ಮುಖ್ಯಸ್ಥರೇ,

ಇವತ್ತು ಬೆಳಿಗ್ಗೆ ನಮ್ಮ ಅಡುಗೆಮನೆಯ ಗೋಡೆಯ ಮೇಲೆ ಒಂದು ಸ್ಪ್ಯಾನರ್ ಇರಲಿಲ್ಲ. ಅದಕ್ಕೆ ನೀವೇ ಕಾರಣ.

ಅಡುಗೆಮನೆಯಲ್ಲಿ ಸ್ಪ್ಯಾನರಿಗೇನು ಕೆಲಸ ಎಂದು ಕೇಳುತ್ತೀರಿ. ಎಂದೋ ವಿಸರ್ಜನೆಯಾದ ಯಾವ ಫೈಟರ್ ಸ್ಕ್ವಾಡ್ರನ್ನಿನ ಸೇವಾ ಇತಿಹಾಸವನ್ನು ನೀವೀಗ ಅಚ್ಚು ಹಾಕಿಸುತ್ತಿದ್ದೀರೋ, ನಮ್ಮ ತಾತ ಅದರಲ್ಲಿ ಮೆಕ್ಯಾನಿಕ್ ಆಗಿದ್ದವರು. ಅಲ್ಲಿ ಪ್ರತಿ ಉಪಕರಣಕ್ಕೂ ಹಲಗೆಯ ಮೇಲೆ ಅದರದೇ ಆಕಾರದ ಕಪ್ಪು ನೆರಳು ಬರೆದಿರುತ್ತಿತ್ತಂತೆ. ಕೆಲಸ ಮುಗಿದ ಮೇಲೆ ಒಂದೇ ಒಂದು ನೆರಳು ಖಾಲಿ ಕಂಡರೂ ವಿಮಾನ ಮೇಲೇಳುವಂತಿಲ್ಲ. ಸ್ಕ್ವಾಡ್ರನ್ ವಿಸರ್ಜನೆಯಾಗಿ ನಲವತ್ತು ವರ್ಷವಾಯಿತು. ಈ ನಿಯಮ ಮಾತ್ರ ವಿಸರ್ಜನೆಯಾಗಿಲ್ಲ. ನಮ್ಮ ಸೌಟು, ಕತ್ತರಿ, ಜರಡಿ ಎಲ್ಲಕ್ಕೂ ಗೋಡೆಯಲ್ಲಿ ನೆರಳುಗಳಿವೆ. "ನೀವು ಮದುವೆಯಾಗಿದ್ದು ನನ್ನನ್ನೋ ಹಲಗೆಯನ್ನೋ?" ಎಂದು ಅಜ್ಜಿ ಕೇಳುತ್ತಲೇ ಇರುತ್ತಾರೆ. "ನಿನ್ನ ನೆರಳು ಬರೆಯೋಕೆ ಗೋಡೆ ಸಾಲಲ್ಲ ಕಣೇ" ಎಂಬುದು ತಾತನ ಖಾಯಂ ಉತ್ತರ. ಎಲ್ಲಕ್ಕೂ ಮೇಲಿನ ಸಾಲಿನಲ್ಲಿ ಒಂದು ಗಿಡ್ಡ ಸ್ಪ್ಯಾನರ್ ತೂಗುತ್ತಿತ್ತು.

ಈಗ ನನ್ನ ತಪ್ಪೊಪ್ಪಿಗೆ. ಸಾಹಿತ್ಯ ಓದಿದವರಿಗೆ ಸಿಗುವಂಥ ಕೆಲಸವೇ ನನಗೂ ಸಿಕ್ಕಿದೆ: ನಿಮ್ಮ ಪುಸ್ತಕ ಅಚ್ಚಾಗಬೇಕಿರುವ ಪ್ರೆಸ್ಸಿನಲ್ಲಿ ಪ್ರೂಫ್ ತಿದ್ದುವುದು. ಪ್ರೂಫನ್ನು ಮನೆಗೆ ಒಯ್ಯಬಾರದು. ನಿನ್ನೆ ಒಯ್ದೆ. ತಾತನಿಗೆ ಕಣ್ಣು ಮಂಜು. ಓದಿ ಹೇಳಿದರೆ ಖುಷಿಪಡುತ್ತಾರೆ ಎಂದುಕೊಂಡೆ. ನಲವತ್ತನೇ ಪುಟದವರೆಗೆ ಪಟ್ಟರು ಕೂಡ. ನಲವತ್ತೊಂದರಲ್ಲಿ ಹೀಗಿದೆ: "ತಾಂತ್ರಿಕ ಸಿಬ್ಬಂದಿಯ ಬೇಜವಾಬ್ದಾರಿಯಿಂದಾಗಿ ಸ್ಕ್ವಾಡ್ರನ್ ಎರಡು ದಿನಗಳ ಹಾರಾಟವನ್ನು ಕಳೆದುಕೊಂಡಿತು."

ಆ ಎರಡು ದಿನ ಏನಾಯಿತೆಂದು ವಿಚಾರಿಸಲು ನಿಮಗೆ ಪುರುಸೊತ್ತಾಗಲಿಲ್ಲ, ಪಾಪ. ಬೀಳ್ಕೊಡುಗೆಯ ಊಟದಲ್ಲಿ ಯಾರು ಯಾರ ಪಕ್ಕ ಕೂತಿದ್ದರು ಎಂಬುದಕ್ಕೇ ಮೂರು ಪುಟ ಬೇಕಾಯಿತಲ್ಲ! ಆದ್ದರಿಂದ ನಾನೇ ಹೇಳುತ್ತೇನೆ. ವಿಮಾನವಾಹಕ ಹಡಗಿನ ಮೇಲೆ ಹನ್ನೊಂದು ವಿಮಾನಗಳು ಸಾಲಾಗಿ ನಿಂತಿದ್ದವು. ಸಮರಾಭ್ಯಾಸದ ದಿನ. ಹಲಗೆಯಲ್ಲಿ ಒಂದು ನೆರಳು ಖಾಲಿ. ಹಾರಾಟಕ್ಕೆ ಒಪ್ಪಿಗೆ ಕೊಡುವ ಪತ್ರಕ್ಕೆ ತಾತ ಸಹಿ ಹಾಕಲಿಲ್ಲ.

"ಅಂಗೈಯಷ್ಟು ಸ್ಪ್ಯಾನರಿಗೆ ಇಡೀ ಸ್ಕ್ವಾಡ್ರನ್ ನಿಲ್ಲಿಸ್ತೀಯೇನಯ್ಯಾ? ಸಮುದ್ರಕ್ಕೆ ಬಿದ್ದಿರುತ್ತೆ ಬಿಡು" ಎಂದರಂತೆ ಕಮಾಂಡರ್.

"ಬಿದ್ದಿದ್ರೆ ಒಳ್ಳೇದು ಸಾರ್. ಬಿದ್ದಿಲ್ಲದಿದ್ರೆ?"

"ಯಾರು ಕಳೆದಿದ್ದು?"

"ನಾನೇ ಸಾರ್."

ಎರಡನೇ ದಿನ ಸಂಜೆ ಅದು ಏಳನೇ ವಿಮಾನದಲ್ಲಿ, ಪೈಲಟ್ ಕೂರುವ ಸೀಟಿನಡಿ, ವಿಮಾನವನ್ನು ವಾಲಿಸುವ ಹಿಡಿಕೆಯಿಂದ ರೆಕ್ಕೆಯ ಕಡೆಗೆ ಹೋಗುವ ಸರಳಿನ ಪಕ್ಕ ಸಿಕ್ಕಿತು. ಆಕಾಶದಲ್ಲಿ ವಿಮಾನ ಒಮ್ಮೆ ಮಗ್ಗುಲು ಬದಲಿಸಿದ್ದರೂ ಸಾಕಿತ್ತು, ಅದು ಸರಿದು ಸರಳನ್ನು ಕಚ್ಚಿ ಹಿಡಿಯುತ್ತಿತ್ತು, ವಿಮಾನ ಪೈಲಟ್ಟಿನ ಹಿಡಿತ ತಪ್ಪುತ್ತಿತ್ತು. ತಾತನಿಗೆ ಆ ವರ್ಷದ ಬಡ್ತಿ ತಪ್ಪಿತು. ಮುಂದೆ ಸ್ಕ್ವಾಡ್ರನ್ ಮುಚ್ಚಿದ ದಿನ ಏಳನೇ ವಿಮಾನದ ಪೈಲಟ್ ಹುಡುಕಿಕೊಂಡು ಬಂದು, ಆ ಸ್ಪ್ಯಾನರನ್ನು ತಾತನ ಕೈಗಿಟ್ಟು, "ನನ್ನ ಮಗಳಿಗೀಗ ಎರಡು ವರ್ಷ" ಎಂದಷ್ಟೇ ಹೇಳಿ ಹೋದರಂತೆ.

ಇನ್ನು ನಿಮ್ಮ ಅರವತ್ತಮೂರನೇ ಪುಟ: "ಹದಿನೆಂಟು ವರ್ಷಗಳಲ್ಲಿ ಒಬ್ಬ ಪೈಲಟ್ಟನ್ನೂ ಕಳೆದುಕೊಳ್ಳದಿದ್ದುದು ದಕ್ಷ ನಾಯಕತ್ವದ ಫಲ." ಮಾನ್ಯರೇ, ನಷ್ಟ ಸಿಬ್ಬಂದಿಗೆ, ಫಲ ನಾಯಕತ್ವಕ್ಕೆ! ಎಷ್ಟು ಚಂದದ ಹಂಚಿಕೆ! ಹನ್ನೊಂದು ಹಾಳೆ ಹಿಂದಕ್ಕೆ ತಿರುವಿದ್ದರೆ ಎರಡಕ್ಕೂ ಇರುವ ನಂಟು ತಿಳಿಯುತ್ತಿರಲಿಲ್ಲವೇ? ಇಡೀ ಪುಸ್ತಕದಲ್ಲಿ ತಾಂತ್ರಿಕ ಸಿಬ್ಬಂದಿ ಕಾಣಿಸಿಕೊಳ್ಳುವುದು ಇನ್ನೊಂದೇ ಕಡೆ, ಗುಂಪು ಫೋಟೋದ ಕೆಳಗೆ. ಕೂತವರಿಗೆಲ್ಲ ಹೆಸರಿದೆ. ಆಮೇಲೆ, "ನಿಂತವರು: ತಾಂತ್ರಿಕ ಸಿಬ್ಬಂದಿ."

ನಾನು ಓದುವುದನ್ನು ನಿಲ್ಲಿಸಿದಾಗ ತಾತ, "ಬರೆದಿರೋದು ಪೂರ್ತಿ ಸುಳ್ಳೇನಲ್ಲಮ್ಮ. ಮರೆತಿದ್ದು ನಾನೇ ತಾನೇ?" ಎಂದರು.

ಅಜ್ಜಿ ಬಿಡಲಿಲ್ಲ. "ಮರೆತಿದ್ದು ನೀವು, ಸರಿ. ನೆನಪಿಸಿಕೊಂಡಿದ್ದು ಯಾರು, ಪಕ್ಕದ ಮನೆಯವರಾ?"

ತಾತ ನಕ್ಕರು. ಆದರೆ ಬೆಳಿಗ್ಗೆ ನೋಡಿದರೆ ಮೇಲಿನ ಸಾಲಿನ ನೆರಳು ಖಾಲಿ. ಸ್ಪ್ಯಾನರ್ ಹಳೇ ಪೇಪರಿನಲ್ಲಿ ಸುತ್ತಿಸಿಕೊಂಡು ಡ್ರಾಯರಿನ ತಳ ಸೇರಿತ್ತು. ಅವರು ತಾವಾಗಿಯೇ ಒಂದು ನೆರಳನ್ನು ಖಾಲಿ ಬಿಟ್ಟದ್ದನ್ನು ನಾನು ಕಂಡಿದ್ದು ಇದೇ ಮೊದಲು.

ನಿಮ್ಮ ಕಚೇರಿಗೆ ಫೋನ್ ಮಾಡಿದೆ. ಅತ್ತಲಿಂದ ಯಾರೋ ಗಟ್ಟಿಯಾಗಿ "ಹಲೋ" ಎಂದ ಕೂಡಲೇ ಹೆದರಿ, ಫೋನ್ ಮಾಡಿದವಳೇ ನಾನು, "ರಾಂಗ್ ನಂಬರ್" ಎಂದು ಇಟ್ಟುಬಿಟ್ಟೆ. ಅದಕ್ಕೇ ಈ ಪತ್ರ. ಬರೆಯುವಾಗ ನನ್ನ ಧ್ವನಿ ನಡುಗುವುದಿಲ್ಲ.

ಆ ವಾಕ್ಯವನ್ನು ಅಳಿಸಿಹಾಕಿ ಎಂದು ನಾನು ಕೇಳುತ್ತಿಲ್ಲ; ಅಳಿಸಿದರೆ ತಾತನೇ ಒಪ್ಪಲಾರರು. "ಬೇಜವಾಬ್ದಾರಿ" ಇದ್ದಲ್ಲಿ "ಮರೆವು" ಎಂದು ಹಾಕಿ. ಮರೆತವನೇ ಒಪ್ಪಿಕೊಂಡು ವಿಮಾನಗಳನ್ನು ತಡೆದ, ಸ್ಪ್ಯಾನರ್ ಏಳನೇ ವಿಮಾನದಲ್ಲಿ ಸಿಕ್ಕಿತು ಎಂದು ಅದರ ಮುಂದೆ ಸೇರಿಸಿ. ನಿಂತವರಿಗೂ ಹೆಸರು ಕೊಡಿ. ಅಷ್ಟೂ ಹೆಸರು ತಾತನಿಗೆ ಬಾಯಿಪಾಠ, ಬರೆದುಕೊಳ್ಳಲು ನಾನಿದ್ದೇನೆ.

ತಿದ್ದಿದವರ ಸಹಿಯಿಲ್ಲದೆ ಕೊನೆಯ ಪ್ರೂಫ್ ಯಂತ್ರಕ್ಕೆ ಹೋಗುವಂತಿಲ್ಲ ಎಂಬುದು ನಮ್ಮ ಪ್ರೆಸ್ಸಿನ ನಿಯಮ. ಯಜಮಾನರು ಎರಡು ಸಲ ಬಂದು "ಆಯ್ತೇನಮ್ಮಾ?" ಎಂದು ಕೇಳಿದರು. ಪ್ರೂಫನ್ನು ಮನೆಗೆ ಒಯ್ದಿದ್ದು ನಾನೇ ಎಂದು ಅವರಿಗೆ ಹೇಳಿಬಿಟ್ಟಿದ್ದೇನೆ. ಕಟ್ಟು ನನ್ನ ಮೇಜಿನ ಮೇಲಿದೆ. ಫ್ಯಾನಿನ ಗಾಳಿಗೆ ಹಾಳೆ ಹಾರದಿರಲೆಂದು ಅದರ ಮೇಲೆ ಒಂದು ಗಿಡ್ಡ ಸ್ಪ್ಯಾನರ್ ಇಟ್ಟಿದ್ದೇನೆ. ನಿಮ್ಮ ಉತ್ತರ ಬರುವವರೆಗೆ ನಾನು ಸಹಿ ಹಾಕುವುದಿಲ್ಲ.

ಇಂತಿ,
ನಿಮ್ಮ ರಾಂಗ್ ನಂಬರ್,
ನಿಂತವರ ಸಾಲಿನಲ್ಲಿ ಎಡದಿಂದ ಮೂರನೆಯವರ ಮೊಮ್ಮಗಳು