ಅಂಗಿಯ ಕರಿಮಣ್ಣು

ಕುರುಗೋಡು, ಜನವರಿ 9

ಕಾಲೇಜಿನ ಹೊಸ ಫುಟ್‌ಬಾಲ್ ಕೋಚ್ ಅವರಿಗೆ,

ನೀವು ಫೋನ್ ಎತ್ತಿದ್ದರೆ, ನಾಲ್ಕನೇ ಕ್ಲಾಸಿಗೇ ಶಾಲೆ ಬಿಟ್ಟ ನಾನು ಪೆನ್ನು ಹಿಡಿಯಬೇಕಿರಲಿಲ್ಲ. ನಾನು ನಿಮ್ಮ ತಂಡದ ಚನ್ನಬಸವರಾಜನ ಅಜ್ಜಿ.

ಬಳ್ಳಾರಿಯಲ್ಲಿ ಮ್ಯಾಚ್ ಆದಾಗಲೆಲ್ಲ ಅವನು ಅಂಗಿ ಮಣ್ಣು ಮಾಡಿಕೊಂಡು ಬರುತ್ತಿದ್ದ. “ಆಡಿದ್ಯೇನಲೇ?” ಎಂದರೆ, “ಪೂರಾ ಆಡೀನಿ ಬೇ, ಚೆಂದಾಗಿ ಒಗಿ” ಎನ್ನುತ್ತಿದ್ದ. ನಿಮ್ಮ ಮೈದಾನದ ಮಣ್ಣು ಕೆಂಪು. ಅಂಗಿಯಲ್ಲಿದ್ದುದು ನಮ್ಮೂರ ಹೊಲದ ಕರಿಮಣ್ಣು. ನೀವು ಬಂದಮೇಲೆ ಅವನನ್ನು ಒಂದು ಸಲವೂ ಆಟಕ್ಕೆ ಇಳಿಸಿಲ್ಲವೆಂದು ಒಗೆಯುವ ಕಲ್ಲಿನ ಮುಂದೆ ನನಗೆ ತಿಳಿಯಿತು. ಅವನಿಗೆ ಹೇಳಲಿಲ್ಲ, ಸುಮ್ಮನೆ ಒಗೆದೆ.

ಮೊನ್ನೆ ಸಿರುಗುಪ್ಪದ ಮ್ಯಾಚಿನಿಂದ ಅಂಗಿಯನ್ನು ಮಡಿಕೆ ಬಿಚ್ಚದೆ ತಂದ. ಸುಳ್ಳು ಹೇಳುವುದನ್ನೂ ಬಿಟ್ಟಿದ್ದಾನೆ.

ಕೊನೆಯ ಮ್ಯಾಚಿಗೆ ಅವನನ್ನು ಇಳಿಸುತ್ತೀರೋ ಇಲ್ಲವೋ? ಇಲ್ಲವೆಂದೇ ನನಗನಿಸುತ್ತದೆ. ಆದರೂ ಹದಿನೈದನೇ ತಾರೀಖಿನೊಳಗೆ ಉತ್ತರ ಬರಲಿ.

ಕೊಟ್ರಬಸಮ್ಮ