ಖಾಲಿ ಹೊಟ್ಟೆಯ ಪರೀಕ್ಷೆ

ಗುರುವಾರ, ಊಟದ ಬಿಡುವಿನಲ್ಲಿ

ನನ್ನ ಪ್ರೀತಿಯ ಅಕ್ಕಾ,

ಮೊದಲೇ ಬರೆದುಬಿಡುತ್ತೇನೆ, ಯಾರಿಗೂ ಏನೂ ಆಗಿಲ್ಲ. ಲಕೋಟೆ ದಪ್ಪ ಇದೆ ಎಂದು ಎದೆ ಹಿಡಿದುಕೊಂಡು ಕೂರಬೇಡ. ಆರನೇ ಕ್ಲಾಸಿನ ಅರ್ಧಕ್ಕೆ ಶಾಲೆ ಬಿಟ್ಟವಳ ಅಕ್ಷರ ಇನ್ನೂ ಆರನೇ ಕ್ಲಾಸಿನಷ್ಟೇ ದೊಡ್ಡದಿದೆ, ಸಾಲಿಗೆ ನಾಲ್ಕು ಮಾತು ಹಿಡಿದರೆ ಹೆಚ್ಚು, ಅದಕ್ಕೇ ಹಾಳೆ ಜಾಸ್ತಿಯಾಯಿತು. ಫೋನಿನಲ್ಲೇ ಹೇಳಬಹುದಿತ್ತು. ಆದರೆ ಫೋನಿನಲ್ಲಾದರೆ ನೀನು ನಡುನಡುವೆ ಬೈಯುತ್ತೀಯ, ನನಗೆ ದಾರಿ ತಪ್ಪುತ್ತದೆ. ಕಾಗದದಲ್ಲಿ ನೀನು ಬೈಯುವಷ್ಟರಲ್ಲಿ ನಾನು ಹೇಳಿ ಮುಗಿಸಿರುತ್ತೇನೆ.

ಹಾಸಿಗೆ ಬಟ್ಟೆ ಮಡಚುವವಳಿಗೆ ಡಾಕ್ಟರ್ ಓದುವವರ ಹತ್ತಿರ ಏನು ಕೆಲಸ ಎಂದು ಕೇಳಿದ್ದೆಯಲ್ಲ? ಮಲಗುವ ಕೆಲಸ. ನಗಬೇಡ. ನಮ್ಮ ಆಸ್ಪತ್ರೆಯ ಎರಡನೇ ಮಹಡಿಯ ಕೊನೆಯ ಕೋಣೆಯಲ್ಲಿ ಕಲಿಯುವ ಮಕ್ಕಳಿಗೆ ಸ್ಕ್ಯಾನಿಂಗ್ ಹೇಳಿಕೊಡುತ್ತಾರೆ. ಮೊದಲು ಸ್ಕ್ಯಾನಿಂಗ್ ಎಂದರೆ ಅದಕ್ಕೆಂದೇ ಒಬ್ಬ ಡಾಕ್ಟರು, ಅದಕ್ಕೆಂದೇ ಒಂದು ಕತ್ತಲೆ ಕೋಣೆ, ಹೊರಗೆ ಉದ್ದದ ಬೆಂಚು. ಈಗ ಮಿಷನ್ನಿಗೆ ಚಕ್ರ ಬಂದಿದೆ. ವಾರ್ಡಿಗೇ ತಳ್ಳಿಕೊಂಡು ಬಂದು, ಎದೆಗೆ ಸ್ಟೆತೊಸ್ಕೋಪು ಇಟ್ಟಷ್ಟು ಸಲೀಸಾಗಿ ಹೊಟ್ಟೆಯೊಳಗೆ ಇಣುಕುತ್ತಾರೆ. ಹಾಗಾಗಿ ಡಾಕ್ಟರಾಗುವವರೆಲ್ಲ ಅದನ್ನು ಕಲಿಯಲೇಬೇಕಂತೆ. ಕಲಿಯುವುದಕ್ಕೆ ಒಂದು ಹೊಟ್ಟೆ ಬೇಕಲ್ಲ? ಅವರಿಗೆ ಕಲಿಸುವ ದೊಡ್ಡ ಮೇಡಂ ಒಂದು ದಿನ ನಮ್ಮ ಬಟ್ಟೆ ಕೋಣೆಯ ಬಾಗಿಲಲ್ಲಿ ನಿಂತು, ದಿನಾ ಒಂದು ಗಂಟೆ ಮಲಕ್ಕೊಳ್ಳೋಕೆ ಯಾರು ಬರ್ತೀರಮ್ಮಾ ಅಂದರು. ಉಳಿದವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ನಾನು ಕೈ ಎತ್ತಿದೆ. ಯಾಕೆ ಎತ್ತಿದೆ ಎಂದು ಕೇಳಬೇಡ. ದಿನಕ್ಕೊಂದು ಗಂಟೆ ಬೆನ್ನಿಗೆ ಆರಾಮ ಎಂದುಕೋ.

ಆರಾಮ ಎಲ್ಲಿ ಬಂತು ಬಿಡು. ಹೊಟ್ಟೆಗೆ ತಣ್ಣನೆಯ ಅಂಟು ಸುರಿದು, ಗೊಂಬೆ ಆಟದ ಇಸ್ತ್ರಿಪೆಟ್ಟಿಯಷ್ಟು ದೊಡ್ಡದೊಂದನ್ನು ಅದರ ಮೇಲೆ ಜಾರಿಸುತ್ತಾರೆ. ಪ್ರೋಬ್ ಎನ್ನುತ್ತಾರೆ ಅದಕ್ಕೆ. ಇಷ್ಟು ವರ್ಷ ಊರ ಜನರ ಬಟ್ಟೆಗೆ ಇಸ್ತ್ರಿ ಹಾಕಿದೆ, ಈಗ ನನ್ನ ಹೊಟ್ಟೆಗೇ ಹಾಕಿಸಿಕೊಳ್ಳುತ್ತಿದ್ದೇನೆ. ಕಷ್ಟ ಅದಲ್ಲ. ಕಲಿಯುವವರು ನನಗೆ ಏನನ್ನೂ ಹೇಳುವ ಹಾಗಿಲ್ಲ, ಅದು ಕಷ್ಟ. ಇದು ಅಭ್ಯಾಸ, ತಪಾಸಣೆ ಅಲ್ಲ, ನಿಮಗೇನಾದರೂ ಕಂಡರೆ ನನಗೆ ಹೇಳಿ, ಈ ಮಲಗಿರೋ ಅಮ್ಮನ ಮುಂದೆ ಬಾಯಿ ಬಿಡಬೇಡಿ ಎಂದು ಮೇಡಂ ಮೊದಲ ದಿನವೇ ಕಟ್ಟುನಿಟ್ಟು ಮಾಡಿದ್ದಾರೆ. ಹಾಗಾದರೆ ನಾನು ಏನು ನೋಡಲಿ? ಅವರ ಮುಖ ನೋಡುತ್ತೇನೆ. ಒಬ್ಬಳ ಹುಬ್ಬು ಮೇಲೆ ಹೋದರೆ ನನ್ನ ಜೀವ ಕೆಳಗೆ ಹೋಗುತ್ತದೆ. ಒಂದು ದಿನ ಒಬ್ಬ ಪರದೆ ನೋಡುತ್ತಾ ನೋಡುತ್ತಾ ಮುಖ ಸಿಂಡರಿಸಿ ಕಣ್ಣು ಮುಚ್ಚಿದ. ಕಬ್ಬಿಣದ ಪೆಟ್ಟಿಗೆ ನಿನಗೆ, ಹೊಲಿಗೆ ಮಿಷನ್ನು ಸೊಸೆಗೆ ಎಂದು ನಾನು ಮನಸ್ಸಿನಲ್ಲೇ ಪಾಲು ಮಾಡಿ ಮುಗಿಸಿದ್ದೆ. ಆಮೇಲೆ ಅವನಿಗೆ ಸೀನು ಬಂತು.

ಈಗ ಗಡಗಡ ಡಾಕ್ಟರಮ್ಮನ ವಿಷಯಕ್ಕೆ ಬರುತ್ತೇನೆ. ಅವಳ ಜೊತೆಯವರು ಇಟ್ಟ ಹೆಸರು ಅದು. ಪ್ರೋಬ್ ಹಿಡಿದರೆ ಅವಳ ಕೈ ಗಡಗಡ ನಡುಗುತ್ತಿತ್ತು, ಪರದೆಯ ಚಿತ್ರ ಗಾಳಿಗೆ ಹಾಕಿದ ಸೀರೆಯ ಹಾಗೆ ಆಡುತ್ತಿತ್ತು. ಡಾಕ್ಟರಾಗುವವಳಿಗೆ ಬಹುವಚನ ಕೊಡಬೇಕು, ಎದುರಿಗೆ ಕೊಡುತ್ತೇನೆ ಕೂಡ. ನಿನಗೆ ಬರೆಯುವಾಗ ಅವಳು ಎಂದೇ ಬರುತ್ತದೆ, ಏನು ಮಾಡಲಿ. ಹೋದ ಸಲದ ಪರೀಕ್ಷೆಯಲ್ಲಿ ಅವಳು ಫೇಲಾಗಿದ್ದಳು. ಕೈ ನಡುಗಿದ್ದಕ್ಕಲ್ಲವಂತೆ. ಪರೀಕ್ಷಕರು ಇದು ಕಲ್ಲಲ್ವಾ ಅಂದರೆ ಹೌದು ಸಾರ್ ಅಂದಳಂತೆ, ಕಲ್ಲಲ್ಲ ಅಲ್ವಾ ಅಂದರೆ ಅಲ್ಲ ಸಾರ್ ಅಂದಳಂತೆ. ತನ್ನ ಕಣ್ಣಿಗಿಂತ ಊರವರ ಬಾಯಿಯ ಮೇಲೆ ಹೆಚ್ಚು ನಂಬಿಕೆ. ಈ ಸಲ ಹೋದರೆ ಒಂದು ವರ್ಷ ಹೋಯಿತು. ಅದಕ್ಕಿಂತ ದೊಡ್ಡದು, ಅವಳ ಸ್ವಂತ ತಮ್ಮ ಅದೇ ಕಾಲೇಜಿನಲ್ಲಿ ಒಂದು ವರ್ಷ ಹಿಂದೆ ಇದ್ದಾನೆ. ಫೇಲಾದರೆ ಅವನ ಪಕ್ಕ ಅದೇ ಬೆಂಚಿನಲ್ಲಿ ಕೂತು ಓದಬೇಕು. ಅವನು ಈಗಲೇ, ಜಾಗ ಹಿಡಿದಿಟ್ಟಿರ್ಲಾ ಅಕ್ಕಾ ಎಂದು ಕೇಳುತ್ತಿದ್ದಾನಂತೆ. ಹಾಗೆ ಹೇಳಿ ನಗುತ್ತಾ ನಗುತ್ತಾ ಅತ್ತುಬಿಟ್ಟಳು, ನನ್ನ ಹೊಟ್ಟೆಯ ಮೇಲೆ ಅಂಟು ಇನ್ನೂ ಹಾಗೇ ಇತ್ತು.

ಅವತ್ತಿನಿಂದ ಮಧ್ಯಾಹ್ನದ ಬಿಡುವಿನಲ್ಲೂ ಅವಳಿಗೋಸ್ಕರ ಮಲಗಿದೆ. ಕೈ ನಡುಗುವುದಕ್ಕೆ ನನಗೆ ಒಂದು ಉಪಾಯ ಗೊತ್ತಿತ್ತು. ಕಾಲರಿನ ತುದಿಗೆ ಇಸ್ತ್ರಿ ಮಾಡುವಾಗ ಕಿರುಬೆರಳನ್ನು ಮೇಜಿಗೆ ಊರುತ್ತೇವಲ್ಲ, ಹಾಗೆ ನನ್ನ ಪಕ್ಕೆಲುಬಿನ ಮೇಲೆ ಕಿರುಬೆರಳು ಊರಿ ಡಾಕ್ಟರಮ್ಮಾ, ನಾನೆಲ್ಲಿಗೂ ಓಡಿಹೋಗಲ್ಲ ಅಂದೆ. ಊರಿದಳು. ಚಿತ್ರ ನಿಂತಿತು. ಇಬ್ಬರೂ ಕಳ್ಳರ ಹಾಗೆ ಮುಖ ಮುಖ ನೋಡಿಕೊಂಡೆವು. ಮೇಡಂಗೆ ಹೇಳಿದರೆ, ನಾನು ಒಂದು ವರ್ಷದಿಂದ ಅದನ್ನೇ ಬಡ್ಕೊಳ್ತಿದೀನಿ, ನನ್ನ ಮಾತು ಯಾರು ಕೇಳ್ತಾರೆ ಅಂದರು. ಆಮೇಲೆ ಅವಳು ನನಗೂ ಚಿತ್ರ ತೋರಿಸತೊಡಗಿದಳು, ರೋಗದ ಮಾತಲ್ಲ, ಬರೀ ಜಾಗದ ಗುರುತು. ಬೂದು ಬಣ್ಣದ ಗೋಡೆಯ ಹಾಗಿರುವುದು ಲಿವರ್. ಅದರ ಕೆಳಗೆ ಕಪ್ಪಗೆ, ನೀರು ತುಂಬಿದ ಸಣ್ಣ ಚೀಲದ ಹಾಗೆ ಪಿತ್ತಕೋಶ. ಖಾಲಿ ಹೊಟ್ಟೆಯಲ್ಲಿ ಅದು ತುಂಬಿಕೊಂಡು ಚೆನ್ನಾಗಿ ಕಾಣುತ್ತದೆ. ತಿಂದ ಕೂಡಲೇ ಒಳಗಿನದನ್ನೆಲ್ಲ ಹಿಂಡಿ ಕಳಿಸಿ ಮುದುಡಿಕೊಳ್ಳುತ್ತದೆ. ಎಣ್ಣೆ ಬೆಣ್ಣೆ ತಿಂದರಂತೂ ಹೇಳುವುದೇ ಬೇಡ. ಅದಕ್ಕೇ ಪರೀಕ್ಷೆಯ ದಿನ ಆರು ಗಂಟೆ ಏನೂ ತಿನ್ನಬಾರದು ಎಂದು ಮೇಡಂ ಮೂರು ಸಲ ಹೇಳಿದರು. ಗಡಗಡ ಡಾಕ್ಟರಮ್ಮ ಒಂದು ಚೀಟಿಯಲ್ಲಿ ಬರೆದು ನನ್ನ ಊಟದ ಡಬ್ಬಿಗೇ ಅಂಟಿಸಿದಳು.

ಆ ಡಬ್ಬಿ ತೆಗೆದೆ ನೋಡು ನಾನು.

ಹೋದ ವಾರ, ಪರೀಕ್ಷೆಯ ದಿನ, ಬೆಳಗ್ಗೆ ಎಂಟು ಗಂಟೆ. ಪರೀಕ್ಷೆ ಹತ್ತಕ್ಕೆ. ಬಟ್ಟೆ ಕೋಣೆಯಲ್ಲಿ ನಾನೊಬ್ಬಳೇ. ಖಾಲಿ ಹೊಟ್ಟೆಯಲ್ಲಿ ಗಾಳಿ ತುಂಬಿಕೊಂಡರೆ, ಎಂದು ಯೋಚನೆ ಶುರುವಾಯಿತು. ಗಾಳಿ ಇದ್ದರೆ ಚಿತ್ರವೇ ಬರುವುದಿಲ್ಲ, ಸ್ಕ್ಯಾನಿಂಗಿಗೆ ಗಾಳಿಯೇ ಶತ್ರು ಎಂದು ಮೇಡಂ ದಿನಾ ಹೇಳುತ್ತಾರಲ್ಲ. ಗಾಳಿ ಹೋಗಬೇಕಾದರೆ ಜಾಗ ತುಂಬಬೇಕು. ನನ್ನ ಅರ್ಧ ಓದಿದ ತಲೆಗೆ ಅಷ್ಟು ಹೊಳೆದದ್ದೇ ಸಾಕಾಯಿತು. ಎರಡು ಮೊಟ್ಟೆ, ಬೆಣ್ಣೆ ಹಚ್ಚಿದ ಬ್ರೆಡ್ಡು. ತಿಂದು ಬಾಯಿ ಒರೆಸಿಕೊಂಡು, ಚೀಟಿಯನ್ನು ಮತ್ತೆ ಡಬ್ಬಿಗೆ ನೀಟಾಗಿ ಅಂಟಿಸಿಟ್ಟೆ.

ಪರೀಕ್ಷಕರು ಹೊರಗಿನವರು, ಕನ್ನಡಕ ಹಣೆಯ ಮೇಲೆ, ಕಣ್ಣು ನೇರವಾಗಿ ಪರದೆಯ ಮೇಲೆ. ನಮ್ಮವಳು ಒಳಗೆ ಬಂದಳು, ನಮಸ್ಕಾರ ಮಾಡಿದಳು, ಅಂಟಿನ ಬಾಟಲಿಯನ್ನು ಅಂಗೈಯಲ್ಲಿ ಬೆಚ್ಚಗೆ ಮಾಡಿಕೊಂಡಳು. ಕಿರುಬೆರಳು ಊರಿದಳು. ಲಿವರ್ ತೋರಿಸಿದಳು, ಕಿಡ್ನಿ ತೋರಿಸಿದಳು. ಉಸಿರು ಎಳ್ದು ಹಿಡ್ಕೊಳ್ಳಿ ಅಮ್ಮಾ, ಬಿಡಿ ಅಮ್ಮಾ ಎಂದು ಹೇಳುವಾಗ ಸ್ವರ ಕೂಡ ನಡುಗಲಿಲ್ಲ. ಆಮೇಲೆ ಪಿತ್ತಕೋಶದ ಜಾಗಕ್ಕೆ ಬಂದಳು. ನಿಂತಳು. ಹಿಂದೆ ಹೋದಳು, ಮುಂದೆ ಬಂದಳು. ನನ್ನನ್ನು ಎಡಕ್ಕೆ ಹೊರಳಿಸಿದಳು. ಒಂದು ತಿಂಗಳಿಂದ ಬಾ ಎಂದರೆ ಬರುತ್ತಿದ್ದ ಚೀಲ ಅವತ್ತು ಇಲ್ಲವೇ ಇಲ್ಲ. ಇದ್ದದ್ದು ಒಣಗಿದ ಮೆಣಸಿನಕಾಯಿಯಂಥ ಒಂದು ಗೆರೆ.

ಅವಳು ಮೆಲ್ಲಗೆ, ಏನಾದ್ರೂ ತಿಂದ್ರಾ ಅಮ್ಮಾ ಅಂದಳು. ಪಕ್ಕದಲ್ಲಿ ದೊಡ್ಡ ಮೇಡಂ ಕೈ ಕಟ್ಟಿ ನಿಂತಿದ್ದರು. ನನ್ನ ಬಾಯಿ ತನ್ನಷ್ಟಕ್ಕೆ, ಇಲ್ಲಪ್ಪಾ, ಒಂದು ತೊಟ್ಟು ನೀರೂ ಇಲ್ಲ ಅಂದುಬಿಟ್ಟಿತು. ಅಕ್ಕಾ, ಹೇಳುವಾಗಲೇ ಬಾಯಿಯಲ್ಲಿ ಬೆಣ್ಣೆಯ ರುಚಿ ಇತ್ತು.

ಕನ್ನಡಕದವರು ಮುಂದಕ್ಕೆ ಬಗ್ಗಿದರು. ಪಿತ್ತಕೋಶದ ಗೋಡೆ ದಪ್ಪ ಇದೆ ಅಲ್ವೇನಮ್ಮಾ, ತಿಂದಿಲ್ಲ ಅಂತ ಬೇರೆ ಹೇಳ್ತಿದಾರೆ, ಹಾಗಾದ್ರೆ ಕಾಯಿಲೆನೇ ಅಲ್ವಾ, ಸರ್ಜನ್ ಹತ್ರ ಕಳಿಸೋಣ್ವಾ ಎಂದು ಕೇಳಿದರು. ಅವಳ ಮುಖ ನೋಡಿದೆ. ಹೌದು ಸಾರ್ ಎಂಬ ಮಾತು ಅವಳ ನಾಲಿಗೆಯ ತುದಿಗೆ ಬಂದು ಕೂತದ್ದು ನನಗೆ ಕಾಣುತ್ತಿತ್ತು. ಈಗಲಾದರೂ ಬಾಯಿ ಬಿಡು, ಪಾಪಿ, ಎಂದು ನನಗೆ ನಾನೇ ಹೇಳಿಕೊಂಡೆ. ಬಾಯಿ ಬಿಡಲಿಲ್ಲ. ಗಡಿಯಾರದಲ್ಲಿ ಇನ್ನು ಎರಡೇ ನಿಮಿಷ.

ಆಗ ಅವಳು ಒಂದು ಕೆಲಸ ಮಾಡಿದಳು. ಹೌದು ಅನ್ನಲಿಲ್ಲ, ಇಲ್ಲ ಅನ್ನಲಿಲ್ಲ. ಪ್ರೋಬನ್ನು ಅಲ್ಲಿಂದ ಎತ್ತಿ, ಎದೆಗೂಡಿನ ಕೆಳಗೆ ನಡುವಿನಲ್ಲಿ ಇಟ್ಟಳು. ಅದು ಜಠರದ ಜಾಗ, ಪರೀಕ್ಷೆಯಲ್ಲಿ ಕೇಳಿದ್ದೇ ಅಲ್ಲ. ಪರದೆಯಲ್ಲಿ ಬೆಳ್ಳಗೆ ಚೂರುಚೂರಾಗಿ ಏನೋ ಮೆಲ್ಲಗೆ ತಿರುಗುತ್ತಿತ್ತು. ಅವಳು ಬಗ್ಗಿ, ನನ್ನ ಕಿವಿಯ ಹತ್ತಿರ ಬಂದು, ತಿಂದ್ರಾ ಎಂದು ಕೇಳಲಿಲ್ಲ ಅಕ್ಕಾ, ತಿಂದು ಎಷ್ಟು ಹೊತ್ತಾಯ್ತಮ್ಮಾ ಎಂದು ಕೇಳಿದಳು.

ಎಂಟು ಗಂಟೆಗೆ, ಎರಡು ಮೊಟ್ಟೆ ಅಂದೆ. ಆಮೇಲೆ ಉಸಿರು ಬಿಟ್ಟು, ಬೆಣ್ಣೆನೂ ಇತ್ತು ಅಂದೆ.

ಅವಳು ನೆಟ್ಟಗೆ ನಿಂತು ಹೇಳಿದಳು: ಪಿತ್ತಕೋಶ ಊಟದಿಂದ ಮುದುಡಿದೆ ಸಾರ್, ಅದಕ್ಕೇ ಗೋಡೆ ದಪ್ಪ ಕಾಣ್ತಿದೆ. ಇವತ್ತು ಕಾಯಿಲೆ ಅಂತ ನಾನು ಹೇಳಲ್ಲ, ಕಾಯಿಲೆ ಇಲ್ಲ ಅಂತಾನೂ ಹೇಳಲ್ಲ. ನಾಳೆ ಖಾಲಿ ಹೊಟ್ಟೆಯಲ್ಲಿ ಕರೆಸಿ ಮತ್ತೆ ನೋಡ್ತೀನಿ. ಕೈ ಮಾತ್ರ ಆಗ ನಡುಗುತ್ತಿತ್ತು. ಮಾತು ನಡುಗಲಿಲ್ಲ.

ಕನ್ನಡಕದವರು ಗಹಗಹಿಸಿ ನಕ್ಕರು. ಇಷ್ಟು ವರ್ಷದಲ್ಲಿ ಪರೀಕ್ಷೆಗೆ ಎಲ್ಲರೂ ಒಳ್ಳೇ ಪೇಷೆಂಟನ್ನೇ ಮಲಗಿಸ್ತಾರೆ, ನಿಜವಾದ ಪೇಷೆಂಟು ಸಿಕ್ಕಿದ್ದು ಇವತ್ತೇ, ಮುಂದಿನ ಸಲವೂ ಈಯಮ್ಮನಿಗೆ ತಿನ್ನಿಸೇ ಕರ್ಕೊಂಡು ಬನ್ನಿ ಎಂದು ಮೇಡಂಗೆ ಹೇಳಿದರು. ಮೇಡಂ ನಗಲಿಲ್ಲ. ನನ್ನನ್ನು ನೋಡಿದ ನೋಟದಲ್ಲಿ ಆ ಎರಡು ಮೊಟ್ಟೆಯೂ ಇನ್ನೊಂದು ಸಲ ಬೆಂದುಹೋದವು.

ಅವಳು ಪಾಸಾದಳು! ಸಂಜೆ ನಾಲ್ಕಕ್ಕೆ ಹಲಗೆಯ ಮೇಲೆ ಹಾಕಿದರು. ಬಟ್ಟೆ ಕೋಣೆಗೆ ಓಡಿ ಬಂದು, ಮಡಚಿಟ್ಟ ನಲವತ್ತು ಹಾಸಿಗೆ ಬಟ್ಟೆಗಳ ಗುಡ್ಡೆ ಬೀಳಿಸಿ, ನನ್ನನ್ನು ಅಪ್ಪಿಕೊಂಡಳು. ತಮ್ಮನಿಗೆ ಬೆಂಚು ಪೂರ್ತಿ ಅವನದೇ ಎಂದು ಹೇಳಿಕಳಿಸಿದಳಂತೆ. ನಲವತ್ತನ್ನೂ ಮತ್ತೆ ಇಬ್ಬರೂ ಸೇರಿ ಮಡಚಿದೆವು. ಮಡಚುವುದಕ್ಕೆ ಅವಳಿಗೆ ಒಂಚೂರೂ ಬರುವುದಿಲ್ಲ, ಅದೊಂದು ಸಮಾಧಾನ.

ಇನ್ನು ಬೈಯಿ. ಮಕ್ಕಳಿಗೆ ನನ್ನ ಮುದ್ದು ಹೇಳು, ಭಾವನವರಿಗೆ ನಮಸ್ಕಾರ. ನೀನು ನೀರು ಕಡಿಮೆ ಕುಡಿಯುತ್ತೀಯ ಎಂದು ಯಾಕೋ ಬೆಳಗ್ಗೆಯಿಂದ ಅನ್ನಿಸುತ್ತಿದೆ, ಕುಡಿ.

ನಿನ್ನ ಕೈಹಿಡಿದೇ ಅಕ್ಷರ ತಿದ್ದಿದ,
ಪುಕ್ಕಲು ತಂಗಿ

ತಾ.ಕ.: ಲಕೋಟೆ ಅಂಟಿಸಿದ್ದೆ, ಮತ್ತೆ ಬಿಡಿಸಿದೆ. ಗಾಳಿಯ ವಿಷಯ ಸುಳ್ಳು, ಅಕ್ಕಾ. ತಿಂದರೆ ಚಿತ್ರ ಕೆಡುತ್ತದೆ ಎಂದು ನನಗೆ ಚೆನ್ನಾಗಿ ಗೊತ್ತಿತ್ತು, ಕೆಡಲಿ ಎಂದೇ ತಿಂದೆ. ನಮ್ಮಮ್ಮ ಹೊಟ್ಟೆನೋವು ಎಂದು ಒಂದು ಮಾತೂ ಆಡದೆ ಹೋದಳಲ್ಲ, ಆ ವಯಸ್ಸಿಗೆ ನಾನು ಈ ವರ್ಷ ಬಂದೆ. ಮಲಗುವ ಕೆಲಸಕ್ಕೆ ಕೈ ಎತ್ತಿದ್ದೂ ಅದಕ್ಕೇ. ಅಷ್ಟು ಮಕ್ಕಳು ನೋಡುವಾಗ ಏನಾದರೂ ಇದ್ದರೆ ಯಾರ ಮುಖದಲ್ಲಾದರೂ ಗೊತ್ತಾದೀತು, ಬಾಯಿಬಿಟ್ಟು ಕೇಳುವ ಕಷ್ಟ ತಪ್ಪೀತು ಎಂದು. ಆದರೆ ಹೊರಗಿನ ದೊಡ್ಡ ಡಾಕ್ಟರು ಬಂದು ನೋಡುತ್ತಾರೆ ಎಂದಾಗ, ಅವರ ಕಣ್ಣಿಗೆ ನಿಜವಾಗಿ ಕಂಡುಬಿಟ್ಟರೆ ಎಂದು ಡಬ್ಬಿ ಬಿಚ್ಚಿದೆ. ನನ್ನ ಹೆದರಿಕೆಗೆ ಆ ಹುಡುಗಿಯ ಒಂದು ವರ್ಷವನ್ನೇ ಒಡ್ಡಿದ್ದೆ. ಮಾರನೆಯ ದಿನ ಖಾಲಿ ಹೊಟ್ಟೆಯಲ್ಲಿ ಹೋಗಿ, ಅಭ್ಯಾಸಕ್ಕಲ್ಲ ಮೇಡಂ, ನನಗೋಸ್ಕರ ನೋಡಿ ಅಂದೆ. ಪೂರ್ತಿ ನೋಡಿ, ಚೀಟಿ ಬರೆದು, ನನ್ನ ಕೈಗೇ ಕೊಟ್ಟರು. ಲಿವರಿನಲ್ಲಿ ಒಂದಿಷ್ಟು ಕೊಬ್ಬು, ಮತ್ತೇನೂ ಇಲ್ಲ. ಚೀಟಿಯನ್ನು ನಾಲ್ಕು ಸಲ ಓದಿಸಿಕೊಂಡೆ. ಆಮೇಲೆ ಗಡಗಡ ಡಾಕ್ಟರಮ್ಮನನ್ನು ಮೆಟ್ಟಿಲ ಹತ್ತಿರ ನಿಲ್ಲಿಸಿ, ಯಾಕೆ ತಿಂದೆ ಎಂಬುದನ್ನು ನಿಜ ಹೇಳಿದೆ. ಒಂದು ವಾರ ನಿಮ್ಹತ್ರ ಮಾತಾಡಲ್ಲ ಅಂದಳು. ಮೂರನೇ ದಿನ ಮಧ್ಯಾಹ್ನ ಬಟ್ಟೆ ಕೋಣೆಗೆ ಬಂದು, ಮಾತಾಡದೆ, ನನ್ನ ಎದುರಿಗೆ ನಿಂತು ಹಾಸಿಗೆ ಬಟ್ಟೆಯ ಇನ್ನೊಂದು ತುದಿ ಹಿಡಿದಳು.