ನಲ್ಲಿ ಮಾವನ ಹನ್ನೆರಡು ಪಾಠ

ಮನೆ
ಮಾರ್ಚ್ ೯, ಭಾನುವಾರ ಮಧ್ಯಾಹ್ನ

ಪ್ರೀತಿಯ ಅಮ್ಮಾ,

ನಿನ್ನ ಮಂಡಿನೋವು ಹೇಗಿದೆ? ಅಣ್ಣನ ಮನೆಯ ಮೆಟ್ಟಿಲನ್ನು ದಿನಕ್ಕೆ ಎಷ್ಟು ಸಲ ಹತ್ತಿಳಿಯುತ್ತೀ ಎಂದು ಅತ್ತಿಗೆ ಆಗಲೇ ಹೇಳಿದ್ದಾರೆ, ಸುಳ್ಳು ಬರೆಯಬೇಡ. ಬಾಣಂತಿ, ಮಗು ಇಬ್ಬರೂ ಆರಾಮವಷ್ಟೆ? ಮಗುವಿಗೆ ಅಣ್ಣನ ಮೂಗು ಬಂದಿಲ್ಲ ಎಂಬುದೇ ದೊಡ್ಡ ಸಮಾಧಾನ.

ನಾನಿಲ್ಲಿ ಚೆನ್ನಾಗಿದ್ದೇನೆ. ಮನೆ ದುರಸ್ತಿ ಸಾಮಾನಿನ ಅಂಗಡಿ ಎಂದರೆ ಮೊಳೆ ಮಾರುವುದಷ್ಟೇ ಎಂದು ನೀನು ಈಗಲೂ ತಿಳಿದಿದ್ದೀ. ಈಗ ನಮಗೆ ಪಾಠಗಳೂ ಇವೆ. ವಿಭಾಗಕ್ಕೊಂದು ಟ್ಯಾಬ್ಲೆಟ್, ಐದು ನಿಮಿಷದ ವಿಡಿಯೊ, ಕೊನೆಗೆ ನಾಲ್ಕು ಪ್ರಶ್ನೆ, ಉತ್ತರ ಸರಿಯಾದರೆ ಹೆಸರಿನ ಮುಂದೆ ಹಸಿರು ಗುರುತು. ತೇವದ ಗೋಡೆಗೆ ಬಣ್ಣ ಯಾವಾಗ ಹಚ್ಚಬಾರದು, ಟೊಳ್ಳು ಗೋಡೆಯಲ್ಲಿ ಯಾವ ತಿರುಪು ನಿಲ್ಲುತ್ತದೆ, ಎಲ್ಲವನ್ನೂ ಬಣ್ಣದ ಡಬ್ಬಿಗಳ ನಡುವೆ ನಿಂತೇ ಕಲಿತೆ. ಮೊನ್ನೆ ಗಿರಾಕಿಯೊಬ್ಬರು, "ನೀವು ಮೇಸ್ತ್ರಿ ಮಗಳೇನಮ್ಮಾ?" ಎಂದು ಕೇಳಿಯೇಬಿಟ್ಟರು. ಇಡೀ ಅಂಗಡಿಯಲ್ಲಿ ಮೊದಲು ಪಾಠ ಮುಗಿಸಿದವಳು ನಾನೇ. ಮುಂದಿನ ತಿಂಗಳಿಂದ ಹೊಸಬರಿಗೆ ಕಲಿಸುವ ಹುದ್ದೆ ನನಗೇ ಎಂದು ಮ್ಯಾನೇಜರ್ ಮಾತು ಕೊಟ್ಟಿದ್ದಾರೆ. ನಾನದನ್ನು ಚೆನ್ನಾಗಿಯೇ ಮಾಡುತ್ತೇನೆ, ನೋಡು.

ನಲ್ಲಿ ಮಾವ ನೆನಪಿದ್ದಾರಲ್ಲ, ನಮ್ಮ ಅಡುಗೆಮನೆಯ ಸೋರುವ ನಲ್ಲಿಯನ್ನು ಬರಿಗೈಯಲ್ಲೇ ಬಿಗಿದವರು? ಕೊಳಾಯಿ ವಿಭಾಗದಲ್ಲಿ ಅವರಿಗೀಗ ಇಪ್ಪತ್ತಾರು ವರ್ಷ. ಬೆರಳ ತುದಿಗಳು ಸವೆದು ಬಿರುಕು ಬಿಟ್ಟಿವೆ. ಅವರು ಎಷ್ಟು ಒತ್ತಿದರೂ ಟ್ಯಾಬ್ಲೆಟ್ಟಿಗೆ ಗೊತ್ತೇ ಆಗುವುದಿಲ್ಲ. "ಕಟ್ಟಿಕೊಟ್ಟ ಬುತ್ತಿ, ಹೇಳಿಕೊಟ್ಟ ಮಾತು ಎಷ್ಟು ದಿನ ಬಂದೀತೇ ತಾಯಿ? ನೀನೇ ಒತ್ಬಿಡು, ಪುಣ್ಯ ಬರ್ಲಿ" ಎಂದರು. ಪುಣ್ಯ ಬಿಟ್ಟಿಯಾಗಿ ಸಿಗುವಾಗ ಬಿಡುವವಳೇ ನಾನು? ಅವರ ನೌಕರ ಸಂಖ್ಯೆ ಹಾಕಿ, ನಾಲ್ಕು ದಿನದ ಊಟದ ಬಿಡುವಿನಲ್ಲಿ ಹನ್ನೆರಡು ಪಾಠ ಮುಗಿಸಿಕೊಟ್ಟೆ. ಅವರು ಪಕ್ಕದಲ್ಲಿ ಕೂತು ತೂಕಡಿಸಿದರು. ಹನ್ನೆರಡೂ ಹಸಿರು! ಮ್ಯಾನೇಜರ್ ಎಲ್ಲರೆದುರು, "ನೋಡ್ರಪ್ಪಾ, ಈ ವಯಸ್ಸಲ್ಲಿ!" ಎಂದು ಬೆನ್ನು ತಟ್ಟಿದಾಗ ಮಾವ ನನ್ನತ್ತ ಕಣ್ಣು ಮಿಟುಕಿಸಿದರು.

ಅತ್ತಿಗೆಗೆ ನನ್ನ ನೆನಪು ಹೇಳು, ಮಗುವಿಗೊಂದು ಮುತ್ತು ಕೊಡು. ಅಣ್ಣನಿಗೆ ಏನೂ ಬೇಡ, ಅವನು ನನ್ನ ಹಿಂದಿನ ಕಾಗದಕ್ಕೇ ಉತ್ತರ ಬರೆದಿಲ್ಲ.

ನಿನ್ನ
ಚಿಕ್ಕವಳು

ಮಡಿಸುವ ಮುಂಚೆ ಇದನ್ನೂ ಬರೆದುಬಿಡುತ್ತೇನೆ: ಆ ಹನ್ನೆರಡರಲ್ಲಿ ಒಂಬತ್ತನೆಯದು ಹಲಗೆ ಕೊಯ್ಯುವ ಯಂತ್ರದ ಪಾಠ. ಅದರಲ್ಲಿ ಹಸಿರು ಗುರುತಿದ್ದವರ ಕೈಗೆ ಮಾತ್ರ ಯಂತ್ರದ ಕೀಲಿ ಕೊಡುತ್ತಾರೆ. ನಿನ್ನೆ ಸಂಜೆ ಯಾರಿಗೆ ಯಾವ ಕೆಲಸ ಎಂಬ ಪಟ್ಟಿ ಅಂಟಿಸಿದರು. ಕೊಯ್ಯುವವನಿಗೆ ರಜೆ, ಮಂಗಳವಾರದಿಂದ ಅಲ್ಲಿ ನಲ್ಲಿ ಮಾವ. ಓಡಿಹೋಗಿ ಹೇಳಿದರೆ, "ಹಲಗೆ ಅಂದ್ರೆ ಪೈಪಿಗಿಂತ ಮೆತ್ತಗೆ ಕಣೇ, ಸುಮ್ನಿರು" ಎಂದು ನಕ್ಕರು. ಹಲಗೆ ಸಿಕ್ಕಿಕೊಂಡರೆ ಕೈ ಹಾಕುವ ಮೊದಲು ಯಂತ್ರ ನಿಲ್ಲಿಸಬೇಕು ಎಂಬ ಉತ್ತರವನ್ನು ಒತ್ತಿದ್ದು ನಾನು, ಅವರಲ್ಲ. ನಾಳೆ ಅಂಗಡಿಯ ಬಾಗಿಲು ತೆರೆಯುವ ಮುಂಚೆಯೇ ಮ್ಯಾನೇಜರ್ ಹತ್ತಿರ ಹೋಗಿ, ಮಾವನ ಉತ್ತರಗಳನ್ನೆಲ್ಲ ಒತ್ತಿದವಳು ನಾನೇ, ಆ ಹಸಿರು ಗುರುತು ಅಳಿಸಿಬಿಡಿ ಎನ್ನುತ್ತೇನೆ. ಕಲಿಸುವ ಹುದ್ದೆ ಕೈತಪ್ಪಬಹುದು, ಮಾವ ನನ್ನೊಡನೆ ಮಾತು ಬಿಡಬಹುದು. ಈ ಕಾಗದ ನಿನ್ನ ಕೈ ಸೇರುವ ಹೊತ್ತಿಗೆ ಹೇಳಿಯಾಗಿರುತ್ತದೆ.